ವಿಶ್ವವಿದ್ಯಾಲಯಗಳ ಗುಣಮಟ್ಟ ಮತ್ತು ಸಂಸತ್ತಿನ ಪರಿಶೀಲನೆ

ಸರ್ಕಾರದ ಹಣದಲ್ಲಿ ನಡೆಯುವ ವಿಶ್ವವಿದ್ಯಾಲಯಗಳಲ್ಲಿ ಬೋಧನೆ, ಪರೀಕ್ಷೆ, ಸಂಶೋಧನೆ, ನೇಮಕಾತಿ ತಕ್ಕ ಮಟ್ಟದಲ್ಲಿವೆಯೇ ಎಂದು ಜನಪ್ರತಿನಿಧಿಗಳ ಸಭೆ ವಿಚಾರಿಸುವ ಕ್ರಮ. ಭಾರತದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯಗಳ ವಿಷಯದಲ್ಲಿ ಇದು ಸಂಸತ್ತಿನ ಕೆಲಸ, ರಾಜ್ಯ ವಿಶ್ವವಿದ್ಯಾಲಯಗಳ ವಿಷಯದಲ್ಲಿ ಬಹುಪಾಲು ವಿಧಾನಮಂಡಲಗಳ ಕೆಲಸ. ಕಾಯ್ದೆ ಮಾಡುವುದು, ಸದನದಲ್ಲಿ ಪ್ರಶ್ನೆ ಕೇಳುವುದು, ಸಮಿತಿಯ ಮುಂದೆ ಅಧಿಕಾರಿಗಳನ್ನು ಕರೆಸುವುದು, ವಾರ್ಷಿಕ ವರದಿ ಮತ್ತು ಲೆಕ್ಕಪತ್ರಗಳನ್ನು ತರಿಸಿಕೊಳ್ಳುವುದು ಇದರ ದಾರಿಗಳು. ಪಠ್ಯಕ್ರಮ ರೂಪಿಸುವುದು, ಅಂಕ ಕೊಡುವುದು, ಪಿಎಚ್‌.ಡಿ. ಪ್ರಬಂಧ ಒಪ್ಪುವುದು ವಿಶ್ವವಿದ್ಯಾಲಯಕ್ಕೇ ಬಿಟ್ಟ ವಿಚಾರ. ಅಲ್ಲಿ ಸಂಸತ್ತು ನೇರವಾಗಿ ಕೈಹಾಕುವಂತಿಲ್ಲ. ಈ ಎರಡರ ನಡುವಿನ ಗೆರೆ ಎಲ್ಲಿದೆ ಎಂಬ ತಕರಾರು ಸ್ವಾತಂತ್ರ್ಯ ಬಂದಾಗಿನಿಂದಲೂ ಇದೆ.

ಏಳು ದಶಕಗಳ ಚರಿತ್ರೆ ನೋಡಿದರೆ ಒಂದು ವಿಚಿತ್ರ ಎದ್ದು ಕಾಣುತ್ತದೆ. ವಿಶ್ವವಿದ್ಯಾಲಯಗಳ ಹಣೆಬರಹ ಬದಲಿಸಿದ ಅನೇಕ ತೀರ್ಮಾನಗಳು ಸಂಸತ್ತು ಸೇರಿರದ ದಿನಗಳಲ್ಲೇ ಆಗಿವೆ. ಸಂಸತ್ತು ನಿಜವಾಗಿ ಕೆಲಸ ಮಾಡಿರುವುದು ಅವಸರದ ಆ ಗಳಿಗೆಗಳಲ್ಲಿ ಅಲ್ಲ, ಯಾರ ಗಮನಕ್ಕೂ ಬೀಳದ ಸಮಿತಿ ಕೊಠಡಿಗಳಲ್ಲಿ.

ಸಂವಿಧಾನದ ನೆಲೆ

ಸಂವಿಧಾನದ ಏಳನೆಯ ಅನುಸೂಚಿ ಈ ಅಧಿಕಾರವನ್ನು ಹಂಚಿದೆ. ಕೇಂದ್ರ ಪಟ್ಟಿಯ 63ನೆಯ ನಮೂದು ಬನಾರಸ್, ಅಲೀಗಢ ಮತ್ತು ದೆಹಲಿ ವಿಶ್ವವಿದ್ಯಾಲಯಗಳನ್ನು ಹೆಸರಿಸಿಯೇ ಸಂಸತ್ತಿಗೆ ಒಪ್ಪಿಸುತ್ತದೆ. 66ನೆಯ ನಮೂದು ಅದಕ್ಕಿಂತ ತೂಕದ್ದು. ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳ ಗುಣಮಟ್ಟವನ್ನು ನಿಗದಿಪಡಿಸಿ ಹೊಂದಾಣಿಕೆ ತರುವ ಅಧಿಕಾರವನ್ನು ಅದು ಸಂಸತ್ತಿಗೆ ಮಾತ್ರ ಕೊಟ್ಟಿದೆ. ವಿಶ್ವವಿದ್ಯಾಲಯ ಸ್ಥಾಪಿಸುವ ಅಧಿಕಾರ ರಾಜ್ಯ ಪಟ್ಟಿಯ 32ನೆಯ ನಮೂದಿನಲ್ಲಿದೆ. 1976ರ 42ನೆಯ ತಿದ್ದುಪಡಿಯಿಂದ ಶಿಕ್ಷಣ ಸಮವರ್ತಿ ಪಟ್ಟಿಗೆ ಬಂದರೂ ಅದು 66ನೆಯ ನಮೂದಿಗೆ ಒಳಪಟ್ಟೇ ಇರಬೇಕು. ಹೀಗಾಗಿ ವಿಶ್ವವಿದ್ಯಾಲಯ ಕಟ್ಟುವವರು ಒಬ್ಬರು, ಅದರ ಮಟ್ಟ ಗೊತ್ತುಮಾಡುವವರು ಇನ್ನೊಬ್ಬರು.

ಈ ಹಂಚಿಕೆಯ ಅರ್ಥವನ್ನು ಬಿಡಿಸಿ ಹೇಳಿದ್ದು ನ್ಯಾಯಾಲಯಗಳು. 1963ರ ಗುಜರಾತ್ ವಿಶ್ವವಿದ್ಯಾಲಯ ಪ್ರಕರಣದಲ್ಲಿ ಬೋಧನಾ ಮಾಧ್ಯಮದ ಪ್ರಶ್ನೆ ಬಂದಾಗ, ಅದು ಗುಣಮಟ್ಟಕ್ಕೆ ತಟ್ಟುವಷ್ಟರ ಮಟ್ಟಿಗೆ ರಾಜ್ಯದ ಕೈಮೀರಿದ್ದು ಎಂದು ಸುಪ್ರೀಂ ಕೋರ್ಟ್ ಹೇಳಿತು. 2005ರ ಪ್ರೊ. ಯಶ್‌ಪಾಲ್ ಪ್ರಕರಣದ ತೀರ್ಪು ಇನ್ನೂ ಕಟುವಾಗಿತ್ತು. ಛತ್ತೀಸಗಢ ಸರ್ಕಾರ 2002ರ ತನ್ನ ಕಾಯ್ದೆಯಡಿ ಕೆಲವೇ ತಿಂಗಳುಗಳಲ್ಲಿ 112 ಖಾಸಗಿ ವಿಶ್ವವಿದ್ಯಾಲಯಗಳನ್ನು ಗೆಜೆಟ್ ಅಧಿಸೂಚನೆಯ ಮೂಲಕ ಹುಟ್ಟುಹಾಕಿತ್ತು. ಎಷ್ಟೋ ಕಡೆ ಕಟ್ಟಡವಾಗಲಿ ಅಧ್ಯಾಪಕರಾಗಲಿ ಇರಲಿಲ್ಲ. ಗುಣಮಟ್ಟದ ಬಗ್ಗೆ ಸಂಸತ್ತು ಮಾಡಿದ ಕಾಯ್ದೆ ಇದರಿಂದ ನಿಷ್ಫಲವಾಗುತ್ತದೆ ಎಂದು ನ್ಯಾಯಾಲಯ ಆ ಕಾಯ್ದೆಯ 5 ಮತ್ತು 6ನೆಯ ಪ್ರಕರಣಗಳನ್ನು ರದ್ದುಪಡಿಸಿತು. ಅರ್ಜಿ ಹಾಕಿದವರು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಮಾಜಿ ಅಧ್ಯಕ್ಷ, ಭೌತವಿಜ್ಞಾನಿ ಯಶ್‌ಪಾಲ್.

ಸಂಸತ್ತು ಮಾಡಿದ ಆ ಕಾಯ್ದೆಯೆಂದರೆ 1956ರ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಕಾಯ್ದೆ. 1948–49ರ ರಾಧಾಕೃಷ್ಣನ್ ಆಯೋಗದ ಸಲಹೆಯಿಂದ ಮೊಳೆತು, 1953ರ ಡಿಸೆಂಬರಿನಲ್ಲಿ ಮೌಲಾನಾ ಆಜಾದರಿಂದ ಉದ್ಘಾಟನೆಗೊಂಡ ಸಂಸ್ಥೆಗೆ ಈ ಕಾಯ್ದೆ ಶಾಸನಬದ್ಧ ರೂಪ ಕೊಟ್ಟಿತು. ಬೋಧನೆ, ಪರೀಕ್ಷೆ, ಸಂಶೋಧನೆಗಳ ಮಟ್ಟ ನಿಗದಿಪಡಿಸಿ ಕಾಪಾಡುವುದು ಆಯೋಗದ ಕರ್ತವ್ಯವೆಂದು 12ನೆಯ ಪ್ರಕರಣ ಹೇಳುತ್ತದೆ. 13ನೆಯದು ತಪಾಸಣೆಯ ಅಧಿಕಾರ ಕೊಡುತ್ತದೆ, 14ನೆಯದು ಮಾತು ಕೇಳದ ವಿಶ್ವವಿದ್ಯಾಲಯದ ಅನುದಾನ ತಡೆಹಿಡಿಯಲು ಅವಕಾಶ ಕೊಡುತ್ತದೆ. ಸಂಸತ್ತಿನ ದೃಷ್ಟಿಯಿಂದ ಮುಖ್ಯವಾದವು ಮಾತ್ರ ಕೊನೆಯಲ್ಲಿರುವ ಎರಡು ಸಣ್ಣ ಪ್ರಕರಣಗಳು. ಆಯೋಗದ ವಾರ್ಷಿಕ ವರದಿಯನ್ನು ಉಭಯ ಸದನಗಳ ಮುಂದಿಡಬೇಕೆಂದು 18ನೆಯದು, ಆಯೋಗದ ನಿಯಮ ನಿಬಂಧನೆಗಳನ್ನೂ ಹಾಗೆಯೇ ಮಂಡಿಸಬೇಕೆಂದು 28ನೆಯದು ವಿಧಿಸುತ್ತವೆ. ಗುಣಮಟ್ಟದ ಬಹುಪಾಲು ನಿಯಮಗಳು ಹುಟ್ಟುವುದು ಆಯೋಗದ ಕಚೇರಿಯಲ್ಲಿ. ಸಂಸತ್ತಿಗೆ ಅವು ಬರುವುದು ಜಾರಿಯಾದ ನಂತರ, 30 ದಿನ ಮೇಜಿನ ಮೇಲಿರಲು. ಯಾವ ಸದಸ್ಯರೂ ತಕರಾರು ಎತ್ತದಿದ್ದರೆ ಅಲ್ಲಿಗೆ ಮುಗಿಯಿತು. ಸಾಮಾನ್ಯವಾಗಿ ಯಾರೂ ಎತ್ತುವುದಿಲ್ಲ.

ಬನಾರಸ್, 1958

ಗುಣಮಟ್ಟದ ಹೆಸರಿನಲ್ಲಿ ಒಂದು ವಿಶ್ವವಿದ್ಯಾಲಯವನ್ನೇ ಸಂಸತ್ತು ಕಟಕಟೆಯಲ್ಲಿ ನಿಲ್ಲಿಸಿದ ಮೊದಲ ದೊಡ್ಡ ಪ್ರಸಂಗ ಬನಾರಸ್ ಹಿಂದೂ ವಿಶ್ವವಿದ್ಯಾಲಯದ್ದು. 1915ರ ಕಾಯ್ದೆಯಿಂದ ಹುಟ್ಟಿದ ಈ ಸಂಸ್ಥೆಯಲ್ಲಿ ಐವತ್ತರ ದಶಕದ ಹೊತ್ತಿಗೆ ಅಧ್ಯಾಪಕರ ಗುಂಪುಗಾರಿಕೆ, ನೇಮಕಾತಿಯಲ್ಲಿ ಸ್ವಜನಪಕ್ಷಪಾತ, ಶಿಸ್ತಿನ ಕುಸಿತದ ದೂರುಗಳು ತುಂಬಿಕೊಂಡಿದ್ದವು. ರಾಷ್ಟ್ರಪತಿ ವಿಚಾರಣೆಗೆ ಆದೇಶಿಸುವ ಅಧಿಕಾರವುಳ್ಳ ವಿಶ್ವವಿದ್ಯಾಲಯದ ವಿಸಿಟರ್ ಆಗಿದ್ದುದರಿಂದ 1957ರಲ್ಲಿ ಒಂದು ವಿಚಾರಣಾ ಸಮಿತಿ ನೇಮಕವಾಯಿತು. ಮದ್ರಾಸ್ ವಿಶ್ವವಿದ್ಯಾಲಯದ ಕುಲಪತಿ ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅದರ ಅಧ್ಯಕ್ಷರು. ಸಮಿತಿಯ ವರದಿ ದೂರುಗಳನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು.

ಮುಂದೆ ನಡೆದದ್ದು ಗಮನಿಸಬೇಕಾದ್ದು. ಸರ್ಕಾರ ಸಂಸತ್ತಿಗಾಗಿ ಕಾಯಲಿಲ್ಲ. 1958ರ ಜೂನ್‌ನಲ್ಲಿ ಸುಗ್ರೀವಾಜ್ಞೆ ಹೊರಬಿತ್ತು. ವಿಶ್ವವಿದ್ಯಾಲಯದ ಪರಮೋಚ್ಚ ಮಂಡಳಿಯಾಗಿದ್ದ ಕೋರ್ಟ್ ಬರೀ ಸಲಹಾ ಮಂಡಳಿಯಾಯಿತು. ಕಾರ್ಯಕಾರಿ ಮಂಡಳಿಯನ್ನು ವಿಸಿಟರ್ ನಾಮಕರಣ ಮಾಡುವಂತಾಯಿತು. ಆಗಿಹೋದ ನೇಮಕಾತಿಗಳನ್ನು ಮತ್ತೆ ಪರಿಶೀಲಿಸುವ ಏರ್ಪಾಡೂ ಬಂತು. ಸಂಸತ್ತು ಸೇರಿ ಮಸೂದೆಯನ್ನು ಚರ್ಚೆಗೆ ಎತ್ತಿಕೊಳ್ಳುವ ವೇಳೆಗೆ ಎಲ್ಲವೂ ಜಾರಿಯಲ್ಲಿತ್ತು. ಸ್ವಾಯತ್ತತೆಯನ್ನು ಹೊಸಕಿಹಾಕಲಾಯಿತು ಎಂದು ಒಂದು ಪಕ್ಷ, ಕೊಳೆತ ಭಾಗವನ್ನು ಕತ್ತರಿಸಲೇಬೇಕಿತ್ತು ಎಂದು ಇನ್ನೊಂದು ಪಕ್ಷ ವಾದಿಸಿದವು. ಮಸೂದೆ ಅದೇ ವರ್ಷ ಕಾಯ್ದೆಯಾಯಿತು. ಕ್ಯಾಂಪಸ್ಸಿನಲ್ಲಿ ಚಳವಳಿ ಎದ್ದಿತು. ವಿಶ್ವವಿದ್ಯಾಲಯದ ಆಡಳಿತ ಮಂಡಳಿಗಳ ರಚನೆಯನ್ನು ಸಂಸತ್ತು 1966ರಲ್ಲಿ ಮತ್ತೆ ತಿದ್ದಬೇಕಾಯಿತು.

ಈ ಚರ್ಚೆಯ ಮುಖ್ಯ ಪಾತ್ರಧಾರಿಗಳಲ್ಲಿ ಇಬ್ಬರಿಗೆ ಮೈಸೂರಿನ ನಂಟಿತ್ತು. ಆಗ ರಾಜ್ಯಸಭೆಯ ಸಭಾಪತಿಯಾಗಿದ್ದ ಎಸ್. ರಾಧಾಕೃಷ್ಣನ್ ಒಂದು ಕಾಲಕ್ಕೆ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದವರು. 1939ರಿಂದ 1948ರವರೆಗೆ ಬನಾರಸ್ಸಿನ ಕುಲಪತಿಯಾಗಿದ್ದವರೂ ಹೌದು. ಆಜಾದರು ತೀರಿಕೊಂಡ ಮೇಲೆ ಶಿಕ್ಷಣ ಖಾತೆ ಹೊತ್ತಿದ್ದ ಕಾಲೂಲಾಲ್ ಶ್ರೀಮಾಲಿಯವರದು ಇನ್ನೂ ಸ್ವಾರಸ್ಯದ ಕಥೆ. 1963ರಲ್ಲಿ ಮಂತ್ರಿಗಿರಿ ಬಿಟ್ಟ ಅವರು 1964ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಬಂದರು. 1969ರಲ್ಲಿ ಇಲ್ಲಿಂದ ಹೋಗಿದ್ದು ಬನಾರಸ್ಸಿಗೆ, ಅಲ್ಲಿನ ಕುಲಪತಿಯಾಗಿ. ತಾವು ಮಂತ್ರಿಯಾಗಿದ್ದಾಗ ಸರ್ಕಾರ ಬಿಗಿಗೊಳಿಸಿದ ವಿಶ್ವವಿದ್ಯಾಲಯದ ಆಡಳಿತವನ್ನು ದಶಕದ ಬಳಿಕ ತಾವೇ ಹೊರಬೇಕಾಗಿ ಬಂದವರು ಭಾರತದಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂಬುದು ಅನುಮಾನ.

ಅಲೀಗಢದಲ್ಲೂ ಇದೇ ಬಗೆಯ ಘಟನೆ ನಡೆಯಿತು. 1965ರಲ್ಲಿ ಕುಲಪತಿ ಅಲಿ ಯಾವರ್ ಜಂಗ್ ಅವರ ಕಾಲದಲ್ಲಿ, ವಿಶ್ವವಿದ್ಯಾಲಯದ ಸ್ವಂತ ವಿದ್ಯಾರ್ಥಿಗಳಿಗೆ ಮೀಸಲಾಗಿದ್ದ ಪ್ರವೇಶದ ಪ್ರಮಾಣವನ್ನು ಶೇ. 75ರಿಂದ 50ಕ್ಕೆ ಇಳಿಸಲಾಯಿತು. ಹೊರಗಿನ ಪ್ರತಿಭೆಗೆ ಬಾಗಿಲು ತೆರೆಯುವ ಈ ಕ್ರಮ ಗುಣಮಟ್ಟದ ಪ್ರಶ್ನೆಯೇ. ಅದರಿಂದ ಕೆರಳಿದ ಗಲಭೆಯಲ್ಲಿ ಕುಲಪತಿಗೆ ತೀವ್ರ ಪೆಟ್ಟಾಯಿತು. ಮೇ ತಿಂಗಳಿನಲ್ಲಿ ಸುಗ್ರೀವಾಜ್ಞೆ ಬಂತು, ಕೋರ್ಟಿನ ಅಧಿಕಾರ ಹೋಯಿತು, ಆಮೇಲೆ ಕಾಯ್ದೆಯಾಯಿತು. ಸಂವಿಧಾನದ 123ನೆಯ ವಿಧಿಯ ಪ್ರಕಾರ ಉಭಯ ಸದನಗಳೂ ಅಧಿವೇಶನದಲ್ಲಿದ್ದಾಗ ಸುಗ್ರೀವಾಜ್ಞೆ ಹೊರಡಿಸುವಂತಿಲ್ಲ. ಹಾಗಾಗಿ ಇವೆರಡೂ ಸಂಸತ್ತಿನ ಬೆನ್ನ ಹಿಂದೆ ಆದ ತೀರ್ಮಾನಗಳೇ.

ಪ್ರಶ್ನೋತ್ತರ ವೇಳೆ

ಸಾಮಾನ್ಯ ದಿನಗಳ ಪರಿಶೀಲನೆ ನಡೆಯುವುದು ಪ್ರಶ್ನೆಗಳ ಮೂಲಕ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕಿ ಗುರುತಿನ ಪ್ರಶ್ನೆಗಳು ಪಟ್ಟಿಗೆ ಬರುತ್ತವೆ. ಸಚಿವರು ಎದ್ದುನಿಂತು ಉತ್ತರಿಸಬೇಕು, ಉಪಪ್ರಶ್ನೆಗೂ ಅವಕಾಶವಿದೆ. ಚುಕ್ಕಿ ಇಲ್ಲದ 230 ಪ್ರಶ್ನೆಗಳಿಗೆ ಲಿಖಿತ ಉತ್ತರವಷ್ಟೆ. ಚುಕ್ಕಿ ಪ್ರಶ್ನೆಗಳ ಪಟ್ಟಿ ಹಸಿರು ಕಾಗದದಲ್ಲೂ ಉಳಿದವು ಬಿಳಿ ಕಾಗದದಲ್ಲೂ ಅಚ್ಚಾಗುವುದು ಅಲ್ಲಿನ ವಾಡಿಕೆ. ಯಾವ ಪ್ರಶ್ನೆ ಹಸಿರು ಹಾಳೆಗೆ ಏರಬೇಕೆಂಬುದು ಚೀಟಿ ಎತ್ತಿ ತೀರ್ಮಾನವಾಗುತ್ತದೆ. ಏರಿದ ಇಪ್ಪತ್ತರಲ್ಲೂ ಒಂದು ಗಂಟೆಯೊಳಗೆ ಬಾಯ್ಮಾತಿನ ಉತ್ತರ ಸಿಗುವುದು ಐದಾರಕ್ಕಷ್ಟೆ.

ವಿಶ್ವವಿದ್ಯಾಲಯಗಳ ಕುರಿತ ಉತ್ತರಗಳ ಧಾಟಿ ಬಲ್ಲವರಿಗೆ ಕಂಠಪಾಠ. ಕೇಂದ್ರೀಯ ವಿಶ್ವವಿದ್ಯಾಲಯಗಳು ಸ್ವಾಯತ್ತ ಸಂಸ್ಥೆಗಳು, ತಮ್ಮ ತಮ್ಮ ಕಾಯ್ದೆ ಪರಿನಿಯಮಗಳ ಪ್ರಕಾರ ನಡೆಯುತ್ತವೆ, ಹುದ್ದೆ ಖಾಲಿಯಾಗುವುದೂ ತುಂಬುವುದೂ ನಿರಂತರ ಪ್ರಕ್ರಿಯೆ ಎಂಬ ಒಕ್ಕಣೆ ಸರ್ಕಾರ ಯಾವುದೇ ಪಕ್ಷದ್ದಾದರೂ ಬದಲಾಗುವುದಿಲ್ಲ. ಸ್ವಾಯತ್ತತೆ ವಿಶ್ವವಿದ್ಯಾಲಯಕ್ಕೆ ಎಷ್ಟು ರಕ್ಷಣೆಯೋ, ಸಚಿವರಿಗೂ ಉತ್ತರದ ಹೊತ್ತಿನಲ್ಲಿ ಅಷ್ಟೇ ರಕ್ಷಣೆ. ಆದರೂ ಈ ಲಿಖಿತ ಉತ್ತರಗಳಿಗೆ ಬೆಲೆಯಿಲ್ಲವೆಂದಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಮಂಜೂರಾದ ಸುಮಾರು 19 ಸಾವಿರ ಬೋಧಕ ಹುದ್ದೆಗಳ ಪೈಕಿ 6 ಸಾವಿರಕ್ಕೂ ಹೆಚ್ಚು ಖಾಲಿ ಎಂಬುದು 2022ರಲ್ಲಿ ದೇಶಕ್ಕೆ ತಿಳಿದದ್ದು ಇಂಥ ಉತ್ತರಗಳಿಂದಲೇ. ಕಡಗಂಚಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಂಥ 2009ರ ಕಾಯ್ದೆಯ ಹೊಸ ಸಂಸ್ಥೆಗಳಲ್ಲಿ ಎಷ್ಟು ಹುದ್ದೆ ತುಂಬಿವೆ ಎಂದು ತಿಳಿಯಬೇಕಾದರೂ ಅಧಿಕೃತ ಆಧಾರ ಸದನಕ್ಕೆ ಕೊಟ್ಟ ಅನುಬಂಧದ ಪಟ್ಟಿಗಳೇ. ಮೂರರಲ್ಲೊಂದು ಕುರ್ಚಿ ಖಾಲಿಯಿರುವಲ್ಲಿ ಗುಣಮಟ್ಟದ ಬೇರೆ ಯಾವ ಸೂಚ್ಯಂಕವೂ ಹೆಚ್ಚೇನನ್ನೂ ಹೇಳಲಾರದು.

ಹುದ್ದೆಗಳ ವಿಷಯದಲ್ಲಿ ಸದನದ ಕೂಗು ಫಲ ಕೊಟ್ಟ ನಿದರ್ಶನವೂ ಇದೆ. ಮೀಸಲಾತಿಗೆ ಇಡೀ ವಿಶ್ವವಿದ್ಯಾಲಯದ ಬದಲು ಒಂದೊಂದು ವಿಭಾಗವನ್ನು ಘಟಕವೆಂದು ಎಣಿಸಬೇಕೆಂದು ಅಲಹಾಬಾದ್ ಹೈಕೋರ್ಟ್ 2017ರಲ್ಲಿ ಹೇಳಿತು. ಅದರಂತೆ ಯುಜಿಸಿ 2018ರ ಮಾರ್ಚ್‌ನಲ್ಲಿ ಆದೇಶ ಹೊರಡಿಸಿತು. ಎರಡು ಮೂರು ಅಧ್ಯಾಪಕರಷ್ಟೇ ಇರುವ ವಿಭಾಗಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದವರ ಸರದಿ ಬರುವುದೇ ಇಲ್ಲವೆಂದು ಸಂಸತ್ತಿನಲ್ಲಿ ಪಕ್ಷಭೇದವಿಲ್ಲದೆ ಗದ್ದಲವೆದ್ದಿತು. ನೇಮಕಾತಿ ನಿಂತುಹೋಯಿತು. ಕೊನೆಗೆ 2019ರ ಮಾರ್ಚ್‌ನಲ್ಲಿ ಸುಗ್ರೀವಾಜ್ಞೆ, ಜುಲೈನಲ್ಲಿ ಕಾಯ್ದೆ ಬಂದು ಇಡೀ ವಿಶ್ವವಿದ್ಯಾಲಯವನ್ನು ಘಟಕವೆಂದು ಎಣಿಸುವ ಹಳೆಯ 200 ಬಿಂದುಗಳ ರೋಸ್ಟರ್ ಮರಳಿತು. ಕೇಳಿದ್ದು ಸಂಸತ್ತೇ, ಆದರೆ ಕೊಟ್ಟದ್ದು ಮತ್ತೆ ಸುಗ್ರೀವಾಜ್ಞೆಯ ದಾರಿಯಲ್ಲಿ.

ಸಮಿತಿ ಕೊಠಡಿ

1993ರಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳು ಬಂದ ಮೇಲೆ ಪರಿಶೀಲನೆಗೆ ಒಂದು ಖಾಯಂ ಜಾಗ ಸಿಕ್ಕಿತು. ಮೊದಲಿಗೆ 17 ಇದ್ದವು, 2004ರಿಂದ 24 ಆದವು. ಪ್ರತಿ ಸಮಿತಿಯಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರಿರುತ್ತಾರೆ. ಶಿಕ್ಷಣದ ಸಮಿತಿ ಮೊದಲು ಮಾನವ ಸಂಪನ್ಮೂಲ ಅಭಿವೃದ್ಧಿ ಸಮಿತಿಯೆಂದು ಕರೆಸಿಕೊಳ್ಳುತ್ತಿತ್ತು. ಈಗ ಅದು ಶಿಕ್ಷಣ, ಮಹಿಳೆ, ಮಕ್ಕಳು, ಯುವಜನ ಮತ್ತು ಕ್ರೀಡಾ ಸಮಿತಿ. ಹೆಸರಿನ ಉದ್ದ ನೋಡಿದರೆ ವಿಶ್ವವಿದ್ಯಾಲಯಕ್ಕೆ ಅದರ ಸಮಯದಲ್ಲಿ ಎಷ್ಟು ಪಾಲು ಸಿಗಬಹುದೆಂದು ಊಹಿಸಬಹುದು.

ಬಜೆಟ್ ಅಧಿವೇಶನದ ನಡುವಿನ ಬಿಡುವಿನಲ್ಲಿ ಈ ಸಮಿತಿ ಅನುದಾನದ ಬೇಡಿಕೆಗಳನ್ನು ಪರಿಶೀಲಿಸುತ್ತದೆ. ಬಾಗಿಲು ಮುಚ್ಚಿ ಸಭೆ. ಕಾರ್ಯದರ್ಶಿ, ಯುಜಿಸಿ ಅಧ್ಯಕ್ಷರು, ಬೇಕಾದರೆ ಕುಲಪತಿಗಳೂ ಬಂದು ಉತ್ತರಿಸಬೇಕು. ಟಿ.ವಿ. ಕ್ಯಾಮೆರಾ ಇಲ್ಲದ ಕಾರಣ ಸದಸ್ಯರು ಪಕ್ಷದ ಧ್ವಜ ಹೊರಗಿಟ್ಟು ಮಾತಾಡುವುದುಂಟು. ವರದಿ ಮಂಡನೆಯಾದ ಮೂರು ತಿಂಗಳೊಳಗೆ ಸರ್ಕಾರ ಕೈಗೊಂಡ ಕ್ರಮದ ಟಿಪ್ಪಣಿ ಕಳಿಸಬೇಕು. ಯಾವ ಸಲಹೆ ಒಪ್ಪಿತು, ಯಾವುದಕ್ಕೆ ಹಾರಿಕೆಯ ಉತ್ತರ ಬಂತು ಎಂದು ಸಮಿತಿ ವಿಂಗಡಿಸಿ ಇನ್ನೊಂದು ವರದಿ ಕೊಡುತ್ತದೆ. ಸಮಿತಿಯ ಸಲಹೆ ಸರ್ಕಾರಕ್ಕೆ ಬಂಧಕವಲ್ಲ. ಅದರ ಬಲವೆಲ್ಲ ಇರುವುದು ಈ ಎರಡನೆಯ ವರದಿಯಲ್ಲಿ. ಪತ್ರಿಕೆಗಳು ಬಹುತೇಕ ಓದದೆ ಬಿಡುವುದೂ ಇದನ್ನೇ.

2010ರ ಮೇ 3ರಂದು ಶಿಕ್ಷಣ ಖಾತೆ ಹೊತ್ತಿದ್ದ ಸಚಿವ ಕಪಿಲ್ ಸಿಬಲ್ ಒಂದೇ ದಿನ ಉನ್ನತ ಶಿಕ್ಷಣದ ನಾಲ್ಕು ಮಸೂದೆಗಳನ್ನು ಲೋಕಸಭೆಯಲ್ಲಿ ಮಂಡಿಸಿದರು. ಅವು ಹೋಗಿದ್ದು ಉಡುಪಿಯ ಆಸ್ಕರ್ ಫರ್ನಾಂಡಿಸ್ ಅಧ್ಯಕ್ಷತೆಯ ಸ್ಥಾಯಿ ಸಮಿತಿಗೆ. ಅವುಗಳಲ್ಲಿ ಶೈಕ್ಷಣಿಕ ನ್ಯಾಯಮಂಡಳಿಗಳ ಮಸೂದೆಯ ಬಗ್ಗೆ ಆಳುವ ಪಕ್ಷದವರೇ ಮುಂದಾಳಾಗಿದ್ದ ಸಮಿತಿ ಹಲವು ಆಕ್ಷೇಪಗಳನ್ನು ಎತ್ತಿತು. ಸರ್ಕಾರ ಅವನ್ನು ಹೆಚ್ಚು ಲೆಕ್ಕಿಸದೆ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಮಸೂದೆಯನ್ನು ಪಾಸು ಮಾಡಿಸಿತು. ರಾಜ್ಯಸಭೆಗೆ ಬಂದಾಗ ಕಾಂಗ್ರೆಸ್ಸಿನ ಕೆ. ಕೇಶವರಾವ್ ಅವರೇ ವಿರೋಧಿಸಿದರು, ಸಚಿವರು ಮಸೂದೆಯನ್ನು ಮುಂದೂಡಬೇಕಾಯಿತು. ಅದು ಮತ್ತೆ ಮೇಲೇಳಲಿಲ್ಲ. ಸಮಿತಿಯೊಂದರ ಮಾತಿಗೆ ಇಷ್ಟು ತೂಕ ಬಂದ ಉದಾಹರಣೆ ಉನ್ನತ ಶಿಕ್ಷಣದಲ್ಲಿ ವಿರಳ. ಮಸೂದೆಗಳನ್ನು ಸಮಿತಿಗೆ ಕಳಿಸುವ ರೂಢಿಯೇ ಆಮೇಲೆ ಸೊರಗಿತು. 15ನೆಯ ಲೋಕಸಭೆಯಲ್ಲಿ ಶೇ. 71ರಷ್ಟು ಮಸೂದೆಗಳು ಸಮಿತಿಗಳಿಗೆ ಹೋಗಿದ್ದರೆ, 17ನೆಯದರಲ್ಲಿ ಹೋದವು ಶೇ. 16 ಮಾತ್ರ.

ಹಣದ ಲೆಕ್ಕ ನೋಡುವುದು ಬೇರೆ ದಾರಿ. ಕೇಂದ್ರೀಯ ವಿಶ್ವವಿದ್ಯಾಲಯಗಳ ಲೆಕ್ಕಪತ್ರಗಳನ್ನು ಮಹಾಲೇಖಪಾಲರು ಪರಿಶೋಧಿಸುತ್ತಾರೆ. ಆರ್ಥಿಕ ವರ್ಷ ಮುಗಿದ ಒಂಬತ್ತು ತಿಂಗಳೊಳಗೆ ವಾರ್ಷಿಕ ವರದಿ, ಲೆಕ್ಕಪತ್ರಗಳು ಸದನದ ಮುಂದೆ ಬರಬೇಕು, ತಡವಾದರೆ ಕಾರಣ ಕೊಡಬೇಕು. ವರದಿಯ ಜೊತೆಗೆ ವಿಳಂಬದ ಕಾರಣದ ಹೇಳಿಕೆಯನ್ನೂ ಮಂಡಿಸುವುದು ಈಗ ಒಂದು ಮಾಮೂಲಿಯಾಗಿದೆ. ಅಲೀಗಢದಂಥ ಕೆಲವು ವಿಶ್ವವಿದ್ಯಾಲಯಗಳ ಕೋರ್ಟಿನಲ್ಲಿ ಸಂಸದರಿಗೆ ಸ್ಥಾನವಿದೆ. ಅಲೀಗಢಕ್ಕೆ ಲೋಕಸಭೆಯಿಂದ ಆರು, ರಾಜ್ಯಸಭೆಯಿಂದ ನಾಲ್ವರು ಹೋಗುತ್ತಾರೆ. ಗುಣಮಟ್ಟದ ಮಟ್ಟಿಗೆ ಇದರಿಂದ ಆದ ಪ್ರಯೋಜನ ಹೇಳಿಕೊಳ್ಳುವಂಥದ್ದಲ್ಲ.

ನಿಜವಾಗಿ ಚುರುಕಾದ ಅಸ್ತ್ರ ಇರುವುದು ಸಂಸತ್ತಿನಲ್ಲಿ ಅಲ್ಲ, ವಿಸಿಟರ್ ಆದ ರಾಷ್ಟ್ರಪತಿಯ ಕೈಯಲ್ಲಿ, ಎಂದರೆ ಸಚಿವಾಲಯದ ಕೈಯಲ್ಲಿ. 2016ರ ಫೆಬ್ರವರಿಯಲ್ಲಿ ವಿಶ್ವಭಾರತಿಯ ಕುಲಪತಿಯನ್ನು ಅಕ್ರಮಗಳ ಆರೋಪದ ಮೇಲೆ ವಜಾ ಮಾಡಿದ್ದು ಈ ಅಧಿಕಾರದಿಂದ. ಕೇಂದ್ರೀಯ ವಿಶ್ವವಿದ್ಯಾಲಯವೊಂದರ ಕುಲಪತಿ ಹಾಗೆ ವಜಾಗೊಂಡದ್ದು ಅದೇ ಮೊದಲು.

ದೆಹಲಿಯ ನಾಲ್ಕು ವರ್ಷದ ಪದವಿ

ಗುಣಮಟ್ಟದ ತೀರ್ಮಾನ ಯಾರದು ಎಂಬ ಪ್ರಶ್ನೆ ಇತ್ತೀಚಿನ ಕಾಲದಲ್ಲಿ ಬೀದಿಗೆ ಬಂದದ್ದು ದೆಹಲಿ ವಿಶ್ವವಿದ್ಯಾಲಯದಲ್ಲಿ. ಕುಲಪತಿ ದಿನೇಶ್ ಸಿಂಗ್ ಅವರ ಉತ್ಸಾಹದಲ್ಲಿ ವಿದ್ಯಾವಿಷಯಕ ಪರಿಷತ್ತು 2012ರ ಡಿಸೆಂಬರಿನ ಕೊನೆಯ ವಾರ ನಾಲ್ಕು ವರ್ಷದ ಪದವಿಯನ್ನು ಒಪ್ಪಿತು. 2013ರ ಜುಲೈನಿಂದ ತರಗತಿಗಳು ಆರಂಭವಾದವು. ಎರಡು ವರ್ಷಕ್ಕೆ ಬಿಟ್ಟರೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. ಎಲ್ಲರಿಗೂ 11 ಬುನಾದಿ ಪತ್ರಿಕೆಗಳು ಕಡ್ಡಾಯ. ಭೌತಶಾಸ್ತ್ರ ಓದಬಂದವನೂ ಇತಿಹಾಸ ಓದಬಂದವಳೂ ಒಂದೇ ಕೊಠಡಿಯಲ್ಲಿ ಗಣಿತದ ಸಾಮರ್ಥ್ಯ ಬೆಳೆಸುವ ಪತ್ರಿಕೆಗೆ ಕೂರಬೇಕು. ಶಾಲೆಯಲ್ಲಿ ಕಲಿತದ್ದನ್ನೇ ಮತ್ತೆ ಕಲಿಸುತ್ತಿದ್ದಾರೆಂದು ಅಧ್ಯಾಪಕರ ಸಂಘ ಮೊದಲ ದಿನದಿಂದಲೇ ದೂರುತ್ತಿತ್ತು. ಪಠ್ಯಕ್ರಮ ಸಿದ್ಧವಾದದ್ದು ಕೆಲವೇ ತಿಂಗಳುಗಳಲ್ಲಿ.

ಮೊದಲ ವರ್ಷ ಯುಜಿಸಿ ತಡೆಯಲಿಲ್ಲ. 2014ರ ಮೇ ತಿಂಗಳಿನಲ್ಲಿ ಸರ್ಕಾರ ಬದಲಾಯಿತು, ಅದರೊಂದಿಗೆ ಯುಜಿಸಿಯ ದನಿಯೂ ಬದಲಾಯಿತು. ಈ ಪದವಿ 10+2+3ರ ರಾಷ್ಟ್ರೀಯ ನೀತಿಗೆ ಹೊರತಾದದ್ದು, ವಿಶ್ವವಿದ್ಯಾಲಯದ ನಿಯಮ ತಿದ್ದುವ ವಿಧಾನವನ್ನೂ ಸರಿಯಾಗಿ ಪಾಲಿಸಿಲ್ಲ ಎಂದು ಹೇಳಿ ಜೂನ್ 20ರಂದು ಅದನ್ನು ಕೈಬಿಡುವಂತೆ ಆದೇಶಿಸಿತು. ಪ್ರವೇಶದ ಸಮಯ. ವಿದ್ಯಾರ್ಥಿಗಳು ಅರ್ಜಿ ಹಿಡಿದು ಕಾಲೇಜುಗಳ ಮುಂದೆ ನಿಂತಿದ್ದರು, ಅರುವತ್ತಕ್ಕೂ ಹೆಚ್ಚು ಕಾಲೇಜುಗಳು ಪ್ರವೇಶ ನಿಲ್ಲಿಸಿ ಯಾರ ಮಾತು ಕೇಳಬೇಕೆಂದು ನೋಡುತ್ತಿದ್ದವು. ಒಂದು ವಾರದ ಹಗ್ಗಜಗ್ಗಾಟದ ನಂತರ ಜೂನ್ 27ರಂದು ವಿಶ್ವವಿದ್ಯಾಲಯ ಮಣಿಯಿತು. ಆಗಲೇ ಒಂದು ವರ್ಷ ಓದಿದ್ದ ತಂಡವನ್ನು ಮೂರು ವರ್ಷದ ಪದವಿಗೆ ಹೊಂದಿಸಲಾಯಿತು. ಬಿ.ಟೆಕ್. ಹೆಸರಿನಲ್ಲಿ ಸೇರಿದ್ದವರಿಗೆ ಮಾತ್ರ ನಾಲ್ಕು ವರ್ಷ ಮುಂದುವರಿಸಲು ಬಿಟ್ಟರು.

16ನೆಯ ಲೋಕಸಭೆಯ ಮೊದಲ ಅಧಿವೇಶನ ಜೂನ್ 11ಕ್ಕೆ ಮುಗಿದಿತ್ತು, ಮುಂದಿನದು ಜುಲೈ 7ಕ್ಕೆ ಶುರುವಾಯಿತು. ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯ, ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ ಆಯೋಗ ಎರಡೂ ಬಹಿರಂಗವಾಗಿ ಕಾದಾಡಿದ ವಾರದಲ್ಲಿ ಸಂಸತ್ತು ಕೂತಿರಲಿಲ್ಲ. ನಾಲ್ಕು ವರ್ಷದ ಪದವಿ ಒಳ್ಳೆಯದೇ ಕೆಟ್ಟದ್ದೇ ಎಂಬ ಚರ್ಚೆ ಆರಂಭಿಸುವಾಗಲೂ ಆಗಲಿಲ್ಲ, ರದ್ದುಮಾಡುವಾಗಲೂ ಆಗಲಿಲ್ಲ.

ಆರು ವರ್ಷದ ನಂತರ ಅದೇ ಪದವಿ ರಾಷ್ಟ್ರೀಯ ಶಿಕ್ಷಣ ನೀತಿಯ ಭಾಗವಾಗಿ ಮರಳಿತು. 1986ರ ನೀತಿಯನ್ನು ಸಂಸತ್ತು ಚರ್ಚಿಸಿ ಅಂಗೀಕರಿಸಿತ್ತು. 2020ರ ನೀತಿಯನ್ನು ಒಪ್ಪಿದ್ದು ಜುಲೈ 29ರ ಸಚಿವ ಸಂಪುಟದ ಸಭೆ. ಕೋವಿಡ್ ಕಾಲದ ಆ ಮಳೆಗಾಲದಲ್ಲಿ ಸದನಗಳು ಸೇರಿದ್ದು ಸೆಪ್ಟೆಂಬರ್ 14ಕ್ಕೆ, ಅದೂ ಪ್ರಶ್ನೋತ್ತರ ವೇಳೆಯನ್ನು ಕೈಬಿಟ್ಟು. ದೆಹಲಿಯಲ್ಲಿ 2022ರಿಂದ ಮತ್ತೆ ನಾಲ್ಕು ವರ್ಷ. ಈ ನೀತಿಯನ್ನು ಪದವಿ ಮಟ್ಟದಲ್ಲಿ ಮೊದಲು ಜಾರಿಗೆ ತಂದ ರಾಜ್ಯ ಕರ್ನಾಟಕ, 2021–22ರಲ್ಲಿ. ಸರ್ಕಾರ ಬದಲಾದ ಮೇಲೆ, ರಾಜ್ಯದ ಶಿಕ್ಷಣ ನೀತಿಗಾಗಿ ನೇಮಿಸಿದ್ದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿಯ ಆಧಾರದಲ್ಲಿ 2024ರ ಮೇ ತಿಂಗಳಿನಲ್ಲಿ ಮೂರು ವರ್ಷಕ್ಕೆ ಮರಳಿದ್ದೂ ಕರ್ನಾಟಕವೇ. ಅದು ಸರ್ಕಾರಿ ಆದೇಶ. ಶಾಸನಸಭೆಯ ನಿರ್ಣಯವಲ್ಲ.

ನ್ಯಾಕ್

ಗುಣಮಟ್ಟಕ್ಕೆ ಅಂಕ ಕೊಡುವ ಸಂಸ್ಥೆ ಕರ್ನಾಟಕದಲ್ಲೇ ಇದೆ. 1994ರಲ್ಲಿ ಯುಜಿಸಿ ಸ್ಥಾಪಿಸಿದ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತಿನ (ನ್ಯಾಕ್) ಕೇಂದ್ರ ಕಚೇರಿ ಬೆಂಗಳೂರಿನ ನಾಗರಭಾವಿಯಲ್ಲಿದೆ. ಅದರ ಹಳೆಯ ಪದ್ಧತಿಯಲ್ಲಿ ಏಳು ಮಾನದಂಡಗಳು, ನಾಲ್ಕು ಅಂಕಗಳ ಮಾಪನ, ಎ++ ನಿಂದ ಡಿ ವರೆಗಿನ ಶ್ರೇಣಿ ಇದ್ದವು, 3.51 ಮುಟ್ಟಿದರೆ ಎ++. ಮಾನ್ಯತೆ ಕಡ್ಡಾಯವೆಂದು ಯುಜಿಸಿ 2012ರ ನಿಬಂಧನೆಯಲ್ಲಿ ವಿಧಿಸಿತು. ನ್ಯಾಕ್ ತಂಡ ಬರುತ್ತದೆಂದರೆ ಕಾಲೇಜುಗಳಲ್ಲಿ ಸುಣ್ಣಬಣ್ಣ, ಹೊಸ ಕುಂಡ, ಕಡತ ಹೊಂದಿಸುವ ಧಾವಂತ ಏಳುವುದನ್ನು ಕಂಡವರಿಗೆ ಅದರ ಬಲವೂ ಮಿತಿಯೂ ಗೊತ್ತು.

ಆದರೆ ನ್ಯಾಕ್ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ್ದಲ್ಲ. ಮಾನ್ಯತೆಯನ್ನು ಶಾಸನದ ಚೌಕಟ್ಟಿಗೆ ತರಲು ಸಿಬಲ್ ಮಂಡಿಸಿದ್ದ ನಾಲ್ಕು ಮಸೂದೆಗಳಲ್ಲಿ ಒಂದು ಪ್ರಯತ್ನಿಸಿತ್ತು. 2014ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಅದು ಬಿದ್ದುಹೋಯಿತು. ಪರಿಣಾಮವಾಗಿ ವಿಶ್ವವಿದ್ಯಾಲಯಗಳನ್ನು ಅಳೆಯುವ ಸಂಸ್ಥೆಯನ್ನು ಅಳೆಯಲು ಸಂಸತ್ತಿನ ಬಳಿ ನೇರವಾದ ಅಳತೆಗೋಲಿಲ್ಲ. 2023ರ ಮಾರ್ಚ್‌ನಲ್ಲಿ ಕಾರ್ಯಕಾರಿ ಸಮಿತಿಯ ಅಧ್ಯಕ್ಷ ಭೂಷಣ್ ಪಟವರ್ಧನ್ ಶ್ರೇಣಿ ನೀಡಿಕೆಯಲ್ಲಿ ಅಕ್ರಮಗಳಿವೆ ಎಂಬ ಅನುಮಾನ ಸೂಚಿಸಿ ಹೊರಬಂದರು. 2025ರ ಫೆಬ್ರವರಿಯಲ್ಲಿ ಆಂಧ್ರಪ್ರದೇಶದ ಒಂದು ಖಾಸಗಿ ಡೀಮ್ಡ್ ವಿಶ್ವವಿದ್ಯಾಲಯಕ್ಕೆ ಹೆಚ್ಚಿನ ಶ್ರೇಣಿ ಕೊಡಿಸಲು ಲಂಚ ಪಡೆದ ಆರೋಪದಲ್ಲಿ ತಪಾಸಣಾ ತಂಡದ ಸದಸ್ಯರನ್ನು ಸಿಬಿಐ ಬಂಧಿಸಿತು. ಎರಡೂ ಸಂಗತಿ ಬೆಳಕಿಗೆ ಬಂದದ್ದು ಸದನದ ವಿಚಾರಣೆಯಿಂದಲ್ಲ. ಇಸ್ರೊದ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ಸಮಿತಿ ಸೂಚಿಸಿದ ಹೊಸ ಪದ್ಧತಿಯಲ್ಲಿ ಶ್ರೇಣಿಗಳ ಬದಲು ಮಾನ್ಯತೆ ಇದೆಯೇ ಇಲ್ಲವೇ ಎಂಬುದೇ ಮುಖ್ಯ ತೀರ್ಮಾನ.

ಕರ್ನಾಟಕದ ವಿಧಾನಮಂಡಲ

ರಾಜ್ಯ ವಿಶ್ವವಿದ್ಯಾಲಯಗಳ ಪರಿಶೀಲನೆಗೆ ಕರ್ನಾಟಕದಲ್ಲಿ ವಿಧಾನ ಪರಿಷತ್ತು ಅನುಕೂಲವಾದ ಜಾಗವಾಗಬಹುದಿತ್ತು. ಅದರ 75 ಸ್ಥಾನಗಳಲ್ಲಿ ಏಳು ಶಿಕ್ಷಕರ ಕ್ಷೇತ್ರಕ್ಕೆ, ಏಳು ಪದವೀಧರರ ಕ್ಷೇತ್ರಕ್ಕೆ ಮೀಸಲು. ಅಲ್ಲಿ ಏಳುವ ಪ್ರಶ್ನೆಗಳಲ್ಲಿ ವೇತನ, ಪಿಂಚಣಿ, ಅತಿಥಿ ಉಪನ್ಯಾಸಕರ ಗೌರವಧನ ಹೆಚ್ಚು. ಪಾಠದ ಮಟ್ಟದ ಪ್ರಶ್ನೆ ಕಡಿಮೆ.

ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಪ್ರಕರಣ ಗುಣಮಟ್ಟದ ಪ್ರಶ್ನೆ ವಿದ್ಯಾರ್ಥಿಯ ಕೈಯಲ್ಲಿರುವ ಪ್ರಮಾಣಪತ್ರಕ್ಕೆ ಹೇಗೆ ಬಂದು ತಟ್ಟುತ್ತದೆಂದು ತೋರಿಸಿತು. ಮೈಸೂರಿನ ಮುಕ್ತಗಂಗೋತ್ರಿಯ ಈ ಸಂಸ್ಥೆ 1996ರಲ್ಲಿ ಆರಂಭವಾಯಿತು. ಖಾಸಗಿ ಸಂಸ್ಥೆಗಳ ಸಹಭಾಗಿತ್ವದಲ್ಲಿ ರಾಜ್ಯದ ಗಡಿಯಾಚೆಗೂ ಕೇಂದ್ರಗಳನ್ನು ತೆರೆದು ತಾಂತ್ರಿಕ ಕೋರ್ಸುಗಳನ್ನೂ ನಡೆಸಿತು. ನಿಯಮ ಮೀರಿದೆ ಎಂದು ಯುಜಿಸಿ 2012–13ರ ನಂತರದ ಅವಧಿಗೆ ಮಾನ್ಯತೆ ಇಲ್ಲವೆಂದು 2015ರ ಜೂನ್‌ನಲ್ಲಿ ಸಾರ್ವಜನಿಕ ಪ್ರಕಟಣೆ ಕೊಟ್ಟಿತು. ಮಾನ್ಯತೆ ಮರಳಿದ್ದು 2018ರಲ್ಲಿ. ನಡುವಿನ ವರ್ಷಗಳಲ್ಲಿ ಸೇರಿದ್ದ ವಿದ್ಯಾರ್ಥಿಗಳು ಪದವಿ ನಡೆಯುತ್ತದೋ ಇಲ್ಲವೋ ತಿಳಿಯದೆ ಕಚೇರಿ, ನ್ಯಾಯಾಲಯಗಳ ಮೆಟ್ಟಿಲು ಹತ್ತಿದರು. ರಾಜ್ಯದ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯಕ್ಕೆ ಎಚ್ಚರಿಕೆ ಬಂದದ್ದು ದೆಹಲಿಯಿಂದ. ಅದಕ್ಕೂ ಮುಂಚೆ ಬರಬೇಕಿದ್ದುದು ವಿಧಾನಸೌಧದಿಂದ.

2023ರಲ್ಲಿ ಬೀದರ್, ಹಾಸನ, ಹಾವೇರಿ, ಕೊಡಗು, ಕೊಪ್ಪಳ, ಚಾಮರಾಜನಗರ, ಬಾಗಲಕೋಟೆ ವಿಶ್ವವಿದ್ಯಾಲಯಗಳು ಒಟ್ಟಿಗೇ ಆರಂಭವಾದವು. ಹಳೆಯ ಸ್ನಾತಕೋತ್ತರ ಕೇಂದ್ರಗಳ ಕಟ್ಟಡ, ಎರವಲು ಸಿಬ್ಬಂದಿ, ಅತ್ಯಲ್ಪ ಅನುದಾನ. ಎರಡೇ ವರ್ಷದಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ ಇವುಗಳಲ್ಲಿ ಬಹುಪಾಲು ಸೇರಿದಂತೆ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಅಥವಾ ವಿಲೀನಗೊಳಿಸುವ ಮಾತೆತ್ತಿತು. 2025ರ ಬಜೆಟ್ ಅಧಿವೇಶನದಲ್ಲಿ ಗದ್ದಲವೆದ್ದಿತು. ಸ್ಥಾಪಿಸುವಾಗಲೇ ಹಣ, ಹುದ್ದೆ, ಜಾಗಗಳ ಲೆಕ್ಕ ಕೇಳಿದ್ದರೆ ಮುಚ್ಚುವ ಚರ್ಚೆಗೆ ಕಾರಣವೇ ಇರುತ್ತಿರಲಿಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ ಕುಲಪತಿಗಳ ನೇಮಕ ಕುರಿತ ಯುಜಿಸಿ ಕರಡು ನಿಯಮಗಳ ವಿರುದ್ಧ ಹಲವು ರಾಜ್ಯಗಳ ಉನ್ನತ ಶಿಕ್ಷಣ ಸಚಿವರು ಬೆಂಗಳೂರಿನಲ್ಲಿ ಸೇರಿ ನಿರ್ಣಯ ಮಾಡಿದರು.

ಬ್ರಿಟನ್ನಿನ ಒಂದು ವಿಚಾರಣೆ

ಸಂಸದೀಯ ಸಮಿತಿ ಗುಣಮಟ್ಟದ ಪ್ರಶ್ನೆಯನ್ನು ನೇರವಾಗಿ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ನಿನ ಉದಾಹರಣೆ ಪ್ರಸಿದ್ಧ. ಫಿಲ್ ವಿಲ್ಲಿಸ್ ಅಧ್ಯಕ್ಷತೆಯ ಹೌಸ್ ಆಫ್ ಕಾಮನ್ಸ್ ಸಮಿತಿ ಆಕ್ಸ್‌ಫರ್ಡ್ ಮತ್ತು ಅದೇ ಊರಿನ ಆಕ್ಸ್‌ಫರ್ಡ್ ಬ್ರೂಕ್ಸ್ ವಿಶ್ವವಿದ್ಯಾಲಯಗಳ ಕುಲಪತಿಗಳನ್ನು ಕೂರಿಸಿಕೊಂಡು, ಇತಿಹಾಸದಲ್ಲಿ ನಿಮ್ಮಿಬ್ಬರ ಒಂದೇ ದರ್ಜೆಯ ಪದವಿಗೂ ಒಂದೇ ಬೆಲೆಯೇ ಎಂದು ಕೇಳಿತು. ಇಬ್ಬರಿಂದಲೂ ನೇರ ಉತ್ತರ ಹೊರಡಲಿಲ್ಲ. 2009ರ ಆಗಸ್ಟ್‌ನ ವರದಿಯಲ್ಲಿ ಸಮಿತಿ ಅಲ್ಲಿನ ಗುಣಮಟ್ಟ ಖಾತರಿ ಸಂಸ್ಥೆಯನ್ನು ಹಲ್ಲಿಲ್ಲದ್ದೆಂಬ ಧಾಟಿಯಲ್ಲಿ ಟೀಕಿಸಿತು. ವಿಶ್ವವಿದ್ಯಾಲಯಗಳು ಸಿಡುಕಿದವು. 2017ರ ಕಾಯ್ದೆಯಿಂದ ಹೊಸ ನಿಯಂತ್ರಕ ಸಂಸ್ಥೆ ಬಂತು. 2023ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನ ಸಮಿತಿ ಆ ಸಂಸ್ಥೆಯನ್ನೂ ತರಾಟೆಗೆ ತೆಗೆದುಕೊಂಡಿತು. ಅಲ್ಲಿನ ವಿಚಾರಣೆಗಳು ಬಹಿರಂಗ, ಪ್ರಶ್ನೆ ಉತ್ತರಗಳ ದಾಖಲೆ ಯಾರಿಗೂ ಲಭ್ಯ. ಭಾರತದಲ್ಲಿ ಸಾಕ್ಷ್ಯ ಮುಚ್ಚಿದ ಬಾಗಿಲೊಳಗೆ ನಡೆದು ವರದಿ ಮಾತ್ರ ಹೊರಬರುತ್ತದೆ.

ಸಾರ್ವಜನಿಕರ ಪಾಲು

ಮಸೂದೆಯೊಂದು ಸ್ಥಾಯಿ ಸಮಿತಿಗೆ ಹೋದಾಗ ಅಭಿಪ್ರಾಯ ಕೋರಿ ಪತ್ರಿಕೆಗಳಲ್ಲಿ ಜಾಹೀರಾತು ಬರುತ್ತದೆ. ಅಧ್ಯಾಪಕರು, ವಿದ್ಯಾರ್ಥಿಗಳು, ಪೋಷಕರು ಯಾರು ಬೇಕಾದರೂ ಮನವಿ ಕಳಿಸಬಹುದು, ಸಮಿತಿಯ ಮುಂದೆ ಹೇಳಿಕೆ ಕೊಡಲು ಇಚ್ಛೆ ಸೂಚಿಸಬಹುದು. ಸಮಿತಿಯ ವರದಿಗಳೂ ಸದನಕ್ಕೆ ಕೊಟ್ಟ ಉತ್ತರಗಳೂ ಲೋಕಸಭೆ, ರಾಜ್ಯಸಭೆಗಳ ಜಾಲತಾಣಗಳಲ್ಲಿ ಉಚಿತವಾಗಿ ಸಿಗುತ್ತವೆ. ಮನವಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಬೇಕೆಂದು ಜಾಹೀರಾತು ಕೇಳುತ್ತದೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಬಗ್ಗೆ ಕಲಬುರಗಿಯವರು ಸಮಿತಿಗೆ ಹೇಳಬೇಕಾದ್ದನ್ನು ಕನ್ನಡದಲ್ಲಿ ಬರೆದು ಕಳಿಸಲು ಆ ಜಾಹೀರಾತಿನಲ್ಲಿ ಅವಕಾಶವಿಲ್ಲ.